ವೆಲ್ಲೆಸ್ಲಿ ಸಾಹೇಬರ ಬಡ್ತಿಯೂ ನಮ್ಮ ಹಿರಿಯರ ಭ್ರಮೆಯೂ

"ಬ್ರಿಟಿಷರ ಕಾಲದಲ್ಲಿ ವಶೀಲಿ ಎಂಬುದಿರಲಿಲ್ಲ ಸ್ವಾಮಿ, ಯೋಗ್ಯತೆ ಇದ್ದವನಿಗೇ ಹುದ್ದೆ" ಎಂಬ ಮಾತನ್ನು ನಮ್ಮ ಜನ್ನಾಪುರದಲ್ಲಿ ನನ್ನ ವಯಸ್ಸಿನವರ ಬಾಯಲ್ಲಿ ಈಗಲೂ ಕೇಳುತ್ತಿರುತ್ತೇನೆ. ಶಿಫಾರಸು, ಸ್ವಜನಪಕ್ಷಪಾತಗಳೆಲ್ಲ ಸ್ವಾತಂತ್ರ್ಯಾನಂತರ ನಾವೇ ಕಂಡುಹಿಡಿದ ವಿದ್ಯೆಗಳಂತೆ! ಇತಿಹಾಸ ಬೋಧಿಸಿ ನಿವೃತ್ತನಾದ ನನಗೆ ಇದನ್ನು ಕೇಳಿಯೂ ಸುಮ್ಮನಿರುವುದು ಕಷ್ಟ. ಈ ಮಹನೀಯರು ಒಬ್ಬನೇ ಒಬ್ಬ ಬ್ರಿಟಿಷ್ ಸೇನಾಧಿಕಾರಿಯ ವೃತ್ತಿಜೀವನವನ್ನು ಪರಿಶೀಲಿಸಲಿ. ಆತ ಸಾಮಾನ್ಯನೇನಲ್ಲ. 1815ರಲ್ಲಿ ವಾಟರ್ಲೂ ಕದನದಲ್ಲಿ ನೆಪೋಲಿಯನ್ನನನ್ನು ಸೋಲಿಸಿ, ಮುಂದೆ ಇಂಗ್ಲೆಂಡಿನ ಪ್ರಧಾನಿಯೂ ಆದ ಡ್ಯೂಕ್ ಆಫ್ ವೆಲಿಂಗ್ಟನ್, ಅಂದರೆ ಆರ್ಥರ್ ವೆಲ್ಲೆಸ್ಲಿ.

ಐರ್ಲೆಂಡಿನ ಮಾರ್ನಿಂಗ್ಟನ್ ಅರ್ಲ್ ಎಂಬ ಶ್ರೀಮಂತ ಪದವಿಯ ಮನೆತನದಲ್ಲಿ 1769ರಲ್ಲಿ ಹುಟ್ಟಿದ ಈತ 1787ರಲ್ಲಿ ಸೈನ್ಯ ಸೇರಿದ. ಆಗ ಬ್ರಿಟಿಷ್ ಕಾಲಾಳು ಮತ್ತು ಅಶ್ವದಳಗಳ ಅಧಿಕಾರಿ ಹುದ್ದೆಗಳನ್ನು ಹಣ ತೆತ್ತು ಕೊಳ್ಳಬಹುದಾಗಿತ್ತು. ಅದು ಕದ್ದುಮುಚ್ಚಿ ನಡೆಯುವ ವ್ಯವಹಾರವಲ್ಲ. ಸರ್ಕಾರವೇ ಹುದ್ದೆಹುದ್ದೆಗೆ ದರ ಗೊತ್ತುಮಾಡಿತ್ತು. ಅಣ್ಣ ರಿಚರ್ಡನ ಹಣದ ನೆರವಿನಿಂದ ಆರ್ಥರ್ 1793ರಲ್ಲಿ, ತನ್ನ 24ನೆಯ ವಯಸ್ಸಿನಲ್ಲಿ, 33ನೆಯ ಕಾಲಾಳು ದಳದ ಲೆಫ್ಟಿನೆಂಟ್ ಕರ್ನಲ್ ಆದ. ಅಲ್ಲಿಯವರೆಗೆ ಆತ ಒಂದು ಕದನವನ್ನೂ ಕಂಡಿರಲಿಲ್ಲ! ಈ ಕ್ರಯವಿಕ್ರಯ ಪದ್ಧತಿ ರದ್ದಾದದ್ದು 1871ರಲ್ಲಿ.

1797ರಲ್ಲಿ ಆರ್ಥರ್ ಭಾರತಕ್ಕೆ ಬಂದ. ಮರುವರ್ಷ ಅಣ್ಣ ರಿಚರ್ಡನೇ ಗವರ್ನರ್ ಜನರಲ್ ಆಗಿ ಬಂದ. 1799ರ ಏಪ್ರಿಲ್ 5ರ ರಾತ್ರಿ ಶ್ರೀರಂಗಪಟ್ಟಣದ ಬಳಿಯ ಸುಲ್ತಾನ್‌ಪೇಟೆಯ ತೋಪಿನ ಮೇಲೆ ಆರ್ಥರ್ ನಡೆಸಿದ ದಾಳಿ ಕತ್ತಲಲ್ಲಿ ದಿಕ್ಕುತಪ್ಪಿ ವಿಫಲವಾಯಿತು. ಮೇ 4ರಂದು ಕೋಟೆಗೆ ಲಗ್ಗೆಯಿಟ್ಟ ಪಡೆಯ ನಾಯಕನಾಗಿದ್ದವನು ಡೇವಿಡ್ ಬೇರ್ಡ್. 1780ರಿಂದ 1784ರವರೆಗೆ ಅದೇ ಊರಿನಲ್ಲಿ ಸೆರೆಯಲ್ಲಿದ್ದವನು. ಆರ್ಥರ್ ಅಂದು ಮೀಸಲು ಪಡೆಯ ಜೊತೆಗಿದ್ದ. ಆದರೂ ಮರುದಿನವೇ ಬೇರ್ಡ್‌ನನ್ನು ಬದಿಗಿರಿಸಿ ಪಟ್ಟಣದ ಆಡಳಿತವನ್ನು ಆರ್ಥರನ ಕೈಗಿತ್ತರು. ಬೇರ್ಡ್ ಪ್ರತಿಭಟಿಸಿದ, ಫಲವಾಗಲಿಲ್ಲ. ಇಷ್ಟು ಸಾಲದೆಂಬಂತೆ, ಮೈಸೂರು ರಾಜ್ಯದ ಭವಿಷ್ಯವನ್ನು ವಿಲೇವಾರಿ ಮಾಡಲು ನೇಮಕವಾದ ಐವರ ಆಯೋಗದಲ್ಲಿ ಗವರ್ನರ್ ಜನರಲ್ಲರ ತಮ್ಮಂದಿರೇ ಇಬ್ಬರು: ಆರ್ಥರ್ ಮತ್ತು ಹೆನ್ರಿ. ಇದನ್ನು ವಶೀಲಿ ಎನ್ನದೆ ಇನ್ನೇನೆನ್ನಬೇಕು?

ಈತನ ಕಥೆ ನಮ್ಮ ಹೊಸ್ತಿಲಿಗೂ ಬಂದದ್ದೇ. ಭದ್ರಾವತಿಯ ನೆರೆಯ ಚನ್ನಗಿರಿಯಲ್ಲಿ ಹುಟ್ಟಿದ ಧೋಂಡಿಯಾ ವಾಘ್, ಟಿಪ್ಪುವಿನ ಸೆರೆಯಿಂದ 1799ರಲ್ಲಿ ಹೊರಬಿದ್ದು, ಚದುರಿದ ಸೈನಿಕರನ್ನು ಕೂಡಿಸಿ ಶಿವಮೊಗ್ಗ, ಬಿದನೂರು ಸೀಮೆಗಳಲ್ಲಿ ಕಂಪನಿಗೆ ಸವಾಲೊಡ್ಡಿದ. 'ಉಭಯಲೋಕಾಧೀಶ್ವರ' ಎಂದು ಕರೆದುಕೊಂಡ. ಸುಲಿಗೆಯನ್ನೂ ಮಾಡಿದವನು, ನಾನು ಆತನನ್ನು ದೇವರ ಪಟ್ಟಕ್ಕೇರಿಸಲಾರೆ. ವೆಲ್ಲೆಸ್ಲಿ ಆತನನ್ನು ಬೆನ್ನಟ್ಟಿ 1800ರ ಸೆಪ್ಟೆಂಬರ್ 10ರಂದು ಕೋನಗಲ್‌ನಲ್ಲಿ ಕೊಂದ. ಸ್ವತಂತ್ರ ಸೇನಾನಿಯಾಗಿ ವೆಲ್ಲೆಸ್ಲಿ ನಡೆಸಿದ ಮೊದಲ ದೊಡ್ಡ ದಂಡಯಾತ್ರೆಯಿದು.

"ಆತ ಸಮರ್ಥನಲ್ಲವೆ?" ಎಂದು ನೀವು ಕೇಳಬಹುದು. ನಿಸ್ಸಂದೇಹವಾಗಿ ಸಮರ್ಥ. ದವಸ, ಎತ್ತುಗಳ ಲೆಕ್ಕ ತಪ್ಪದೆ ಸೈನ್ಯ ನಡೆಸುವುದನ್ನು ಆತ ಕಲಿತದ್ದು ನಮ್ಮ ನೆಲದಲ್ಲಿ, ನಮ್ಮ ಅಮೃತಮಹಲ್ ಎತ್ತುಗಳ ಬೆನ್ನ ಮೇಲೆ. ಧೋಂಡಿಯಾನ ಎಳೆಯ ಮಗ ಸಲಾಬತ್ ಖಾನನನ್ನು ಆತ ತನ್ನ ರಕ್ಷಣೆಯಲ್ಲಿರಿಸಿಕೊಂಡದ್ದೂ ನಿಜ. ಆದರೆ ಸಾಮರ್ಥ್ಯ ಪ್ರಕಟವಾಗಲು ಅವಕಾಶ ಬೇಕಲ್ಲವೆ? ತೋಪಿನಲ್ಲಿ ಎಡವಿದವನಿಗೆ ತಿಂಗಳೊಳಗೆ ಪಟ್ಟಣವೇ ದಕ್ಕಿತು. ಆತನಷ್ಟೇ ಸಮರ್ಥರಾಗಿದ್ದ ಎಷ್ಟು ಜನ ಬಡ ಸೈನಿಕರು ಹೆಸರಿಲ್ಲದೆ ಮಣ್ಣಾದರೋ! ಇನ್ನು ಅದೇ ಪಡೆಯಲ್ಲಿ ಕಾದಾಡಿದ ನಮ್ಮ ಸಿಪಾಯಿಗಳ ಪಾಡೇನು? ಎಷ್ಟೇ ಶೂರನಾದರೂ ಸುಬೇದಾರಿಕೆಯೇ ಅವನ ಕೊನೆಯ ಮೆಟ್ಟಿಲು. ಆಗತಾನೇ ಹಡಗಿನಿಂದಿಳಿದ, ಮೀಸೆ ಮೂಡದ ಆಂಗ್ಲ ಹುಡುಗನಿಗೂ ಆ ನರೆಗೂದಲಿನ ಸುಬೇದಾರ ಸಲಾಮು ಹೊಡೆಯಬೇಕಿತ್ತು. ಇದೇ ಏನು ನಮ್ಮ ಹಿರಿಯರು ಕೊಂಡಾಡುವ ಯೋಗ್ಯತೆಯ ಆಡಳಿತ?

ವಶೀಲಿ ಹಳೆಯದೆಂದು ಅದನ್ನು ಮನ್ನಿಸಬೇಕೆಂದು ನಾನು ಹೇಳುತ್ತಿಲ್ಲ. ನನ್ನ ವಾದ ಅದಕ್ಕೆ ತದ್ವಿರುದ್ಧ. ಬೇರ್ಡ್‌ನಿಗೆ ಅನ್ಯಾಯವಾದಾಗ ಆತ ಎತ್ತಿ ತೋರಿಸಬಹುದಾದ ಕಾನೂನಿರಲಿಲ್ಲ. ಸುಬೇದಾರನಿಗಂತೂ ಬಾಯಿಯೇ ಇರಲಿಲ್ಲ. ಸಾರ್ವಜನಿಕ ಹುದ್ದೆಗಳಲ್ಲಿ ಎಲ್ಲರಿಗೂ ಸಮಾನ ಅವಕಾಶವೆಂದು 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನದ 16ನೆಯ ವಿಧಿ ಸಾರುತ್ತದೆ. ಇಂದು ಶಿಫಾರಸಿನಿಂದ ಹುದ್ದೆ ಗಿಟ್ಟಿಸಿದವನು ನಿಯಮವನ್ನು ಮುರಿದವನು. ಅಂದು ಗಿಟ್ಟಿಸಿದವನು ನಿಯಮವನ್ನೇ ಪಾಲಿಸಿದವನು. ಈ ಅಂತರವನ್ನು ಮರೆಮಾಚಿ, ಕೆಲಸವಿಲ್ಲದೆ ಅಲೆಯುತ್ತಿರುವ ನಮ್ಮ ಮಕ್ಕಳ ಮುಂದೆ ಪರರ ಆಳ್ವಿಕೆಯನ್ನು ಹೊಗಳುವುದು ಅವರ ಕೈಯಲ್ಲಿರುವ ಒಂದೇ ಆಯುಧವನ್ನು ಕಸಿದಂತೆ. ಹಿರಿಯರೇ, ಹಳೆಯ ದೊರೆಗಳ ಗುಣಗಾನ ಸಾಕು. ಆ ಮಕ್ಕಳ ಅರ್ಜಿಗೆ ನ್ಯಾಯ ಸಿಗದಿದ್ದಾಗ ಅವರೊಂದಿಗೆ ಕಚೇರಿಯ ಮೆಟ್ಟಿಲು ಹತ್ತಿ ಪ್ರಶ್ನಿಸೋಣ, ಬನ್ನಿ.