ಅನ್ನದೊಡನೆ ಅವಮಾನವನ್ನು ಬಡಿಸದಿರೋಣ

ಕ್ರಿಸ್ತಜಯಂತಿ, ತಪಸ್ಸುಕಾಲ, ಧರ್ಮಕೇಂದ್ರದ ಪಾಲಕ ಸಂತರ ಹಬ್ಬ ಸಮೀಪಿಸಿತೆಂದರೆ ನಮ್ಮ ಸಂಘ ಸಂಸ್ಥೆಗಳು ಬಡವರಿಗೆ ಅಕ್ಕಿ, ಬೇಳೆ, ಎಣ್ಣೆ ಹಂಚಲು ಮುಂದಾಗುತ್ತವೆ. ಇದು ಸ್ತುತ್ಯರ್ಹವಾದ ಕಾರ್ಯ. ಆದರೆ ಧ್ವನಿವರ್ಧಕದಲ್ಲಿ ಹೆಸರು ಕೂಗಿ, ಬಿಸಿಲಿನಲ್ಲಿ ಸಾಲು ನಿಲ್ಲಿಸಿ, ಬ್ಯಾನರಿನ ಮುಂದೆ ಚೀಲ ಹಿಡಿಸಿ ಚಿತ್ರ ತೆಗೆಯುವಾಗ ಪಡೆಯುವವನ ತಲೆ ತಗ್ಗುವುದನ್ನು ನಾವು ಗಮನಿಸುತ್ತೇವೆಯೇ? ಕೊಡುವ ಮನಸ್ಸಿನಷ್ಟೇ ಕೊಡುವ ರೀತಿಯೂ ಮುಖ್ಯವೆಂಬುದು ಈ ಲೇಖನದ ಪ್ರತಿಪಾದನೆ.

ಈ ಸಮಸ್ಯೆ ಹೊಸದಲ್ಲ. ಕೊರಿಂಥದ ಕ್ರೈಸ್ತರು ಪ್ರಭುವಿನ ಭೋಜನಕ್ಕೆ ಸೇರಿದಾಗ ಉಳ್ಳವರು ಮೊದಲೇ ಉಂಡು ತೃಪ್ತರಾಗುತ್ತಿದ್ದರು; ಇಲ್ಲದವರು ಹಸಿದೇ ಉಳಿಯುತ್ತಿದ್ದರು. ಸಂತ ಪೌಲನು ತನ್ನ ಮೊದಲ ಪತ್ರದ 11ನೆಯ ಅಧ್ಯಾಯದಲ್ಲಿ ಅವರನ್ನು ಕಟುವಾಗಿ ಖಂಡಿಸುತ್ತಾನೆ. ಬಡವರ ಹಸಿವು ಮಾತ್ರವಲ್ಲ, ಅವರಿಗಾದ ಅವಮಾನವೂ ಆ ಖಂಡನೆಗೆ ಕಾರಣ. ಜೆರುಸಲೇಮಿನಲ್ಲಿ ಗ್ರೀಕ್ ಭಾಷೆಯ ವಿಧವೆಯರಿಗೆ ದಿನನಿತ್ಯದ ಹಂಚಿಕೆಯಲ್ಲಿ ಅನ್ಯಾಯವಾದಾಗ ಪ್ರೇಷಿತರು ಅದನ್ನು ಕ್ಷುಲ್ಲಕವೆಂದು ತಳ್ಳಿಹಾಕಲಿಲ್ಲ. ಸಜ್ಜನರೆಂದು ಹೆಸರಾದ ಏಳು ಮಂದಿಯನ್ನು ಆರಿಸಿ ಆ ಕೆಲಸಕ್ಕೆ ನೇಮಿಸಿದರು. ಅನ್ನ ಹಂಚುವುದು ಯಾರಾದರೂ ಹೇಗಾದರೂ ಮಾಡಬಹುದಾದ ಕೆಲಸವೆಂದು ಆದಿಸಭೆ ಭಾವಿಸಲಿಲ್ಲ.

ನಮ್ಮ ನಾಡಿನಲ್ಲಿಯೂ ಇದಕ್ಕೆ ಮಾದರಿಯುಂಟು. ಹನ್ನೆರಡನೆಯ ಶತಮಾನದ ಶರಣರು ದಾನವೆನ್ನದೆ ದಾಸೋಹವೆಂದರು. ದಾನದಲ್ಲಿ ಕೊಡುವವನು ಮೇಲೆ, ಪಡೆಯುವವನು ಕೆಳಗೆ. ದಾಸೋಹದಲ್ಲಿ ಬಡಿಸುವವನೇ ದಾಸ. ಮಠದ ಪಂಕ್ತಿಯಲ್ಲಿ ಕುಳಿತು ಉಂಡವನು ಭಿಕ್ಷುಕನೆನಿಸುವುದಿಲ್ಲ, ಅತಿಥಿಯೆನಿಸುತ್ತಾನೆ. ಶಾಲಾ ಮಕ್ಕಳ ಬಿಸಿಯೂಟಕ್ಕೆ ನಮ್ಮ ಸರ್ಕಾರವೂ ಅಕ್ಷರ ದಾಸೋಹವೆಂದೇ ಹೆಸರಿಟ್ಟಿತು. ನೆರೆಹೊರೆಯವರ ಈ ಸಂಸ್ಕಾರದಿಂದ ನಾವು ಕಲಿಯುವುದರಲ್ಲಿ ಸಂಕೋಚವೇಕೆ?

ಹಾರೂಗೇರಿಯ ಸುತ್ತಮುತ್ತಲಿನ ಕಬ್ಬಿನ ಸೀಮೆಯನ್ನು ನೋಡೋಣ. ಕಾರ್ಖಾನೆಗಳು ಕಬ್ಬು ನುರಿಸಲಾರಂಭಿಸಿದೊಡನೆ ಮಹಾರಾಷ್ಟ್ರದ ಬೀಡ್ ಮೊದಲಾದ ಬರದ ಜಿಲ್ಲೆಗಳಿಂದ ಕಬ್ಬು ಕಡಿಯುವ ಕುಟುಂಬಗಳು ಗಡಿ ದಾಟಿ ಬರುತ್ತವೆ. ಗಂಡ ಹೆಂಡತಿ ಸೇರಿ ಒಂದು ಕೊಯ್ತಾ ಎಂಬ ಲೆಕ್ಕ. ಮುಂಗಡ ಪಡೆದವರು ಒಂದು ದಿನ ತಪ್ಪಿದರೆ ದಂಡ ತೆರುವ ಪದ್ಧತಿಯೂ ಅವರಲ್ಲಿದೆ. ಇಂಥವರನ್ನು ಬೆಳಗಿನ ಹತ್ತು ಗಂಟೆಗೆ ಕರೆದು, ಭಾಷಣಗಳು ಮುಗಿಯುವವರೆಗೆ ಕೂರಿಸಿ ಐದು ಕಿಲೋ ಅಕ್ಕಿ ಕೊಟ್ಟರೆ, ಅವರು ಕಳೆದುಕೊಂಡ ಕೂಲಿ ಪಡೆದ ಅಕ್ಕಿಯ ಬೆಲೆಗಿಂತ ಹೆಚ್ಚಾಗಬಹುದು. ಸಂಜೆ ಅವರ ಗುಡಿಸಲಿಗೇ ಹೋಗಿ ಮುಟ್ಟಿಸಿದರೆ ಅದು ನಿಜವಾದ ಉಪಕಾರ.

ಬಡವನೆಂದರೆ ಬೇರೊಂದು ಜಾತಿಯ ಮನುಷ್ಯನೆಂಬ ಭ್ರಮೆಯೂ ಬೇಡ. 2019ರ ಆಗಸ್ಟ್ ತಿಂಗಳಿನಲ್ಲಿ ಕೃಷ್ಣೆ ಉಕ್ಕಿ ಹರಿದಾಗ ಚಿಕ್ಕೋಡಿ, ರಾಯಬಾಗ, ಅಥಣಿ ತಾಲೂಕುಗಳ ನದಿತೀರದ ಊರುಗಳು ಮುಳುಗಿದವು. ಅಲ್ಲಿಯವರೆಗೆ ಹತ್ತು ಮಂದಿಗೆ ರೊಟ್ಟಿ ಕೊಡುತ್ತಿದ್ದ ಮನೆತನಗಳೂ ಗಂಜಿ ಕೇಂದ್ರವನ್ನು ಸೇರಬೇಕಾಯಿತು. ಇಂದು ಕೊಡುವ ಕೈ ನಾಳೆ ಒಡ್ಡುವ ಕೈಯಾಗಬಹುದು.

ಛಾಯಾಚಿತ್ರವಿಲ್ಲದಿದ್ದರೆ ದಾನಿಗಳು ನಂಬುವುದು ಹೇಗೆ ಎಂದು ಕೆಲವರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ದಾನಿಗೆ ಬೇಕಾದದ್ದು ಲೆಕ್ಕ, ಬಡವನ ಮುಖವಲ್ಲ. ಖರೀದಿಯ ರಸೀದಿ, ತಲುಪಿದ ಕುಟುಂಬಗಳ ಸಂಖ್ಯೆ, ಹೊರಗಿನವರೊಬ್ಬರ ಪರಿಶೀಲನೆ ಇಷ್ಟಿದ್ದರೆ ಸಾಲದೇ? 2020ರ ಏಪ್ರಿಲ್‌ನಲ್ಲಿ, ಕೊರೋನಾ ದಿಗ್ಬಂಧನದ ಕಾಲದಲ್ಲಿ, ರಾಜಸ್ಥಾನದ ಅಜ್ಮೀರ್ ಜಿಲ್ಲಾಡಳಿತವು ಆಹಾರ ಹಂಚುವಾಗ ಚಿತ್ರ ತೆಗೆಯುವುದನ್ನೇ ನಿಷೇಧಿಸಿತು. ಬಲಗೈ ಮಾಡಿದ್ದು ಎಡಗೈಗೆ ತಿಳಿಯದಿರಲಿ ಎಂಬ ಉಪದೇಶವನ್ನು ಕೇಳಿ ಬೆಳೆದ ನಮಗೆ ಇದನ್ನು ಸರ್ಕಾರ ಹೇಳಿಕೊಡಬೇಕೆ?

ಇನ್ನೊಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಪ್ರಾರ್ಥನೆಗೆ ಬಂದವರಿಗಷ್ಟೇ ಚೀಲ ಎಂಬ ಕಟ್ಟಳೆ ಎಲ್ಲಿಯೂ ಇರಕೂಡದು. ಅದು ಪ್ರಾರ್ಥನೆಗೂ ಅಪಮಾನ, ಹಸಿವಿಗೂ ಅಪಮಾನ. ನಮ್ಮ ಸೇವೆಯನ್ನು ಆಮಿಷವೆಂದು ಶಂಕಿಸುವವರಿಗೆ ನಾವೇ ಅಸ್ತ್ರ ಕೊಟ್ಟಂತೆಯೂ ಆಗುತ್ತದೆ. 2013ರ ಆಹಾರ ಭದ್ರತಾ ಕಾಯಿದೆಯು ಅರ್ಹ ಕುಟುಂಬಗಳಿಗೆ ಪಡಿತರವನ್ನು ಹಕ್ಕೆಂದು ಒಪ್ಪಿದೆ. ಕಾನೂನೇ ಅನ್ನವನ್ನು ಹಕ್ಕೆನ್ನುವಾಗ, ಪ್ರೀತಿಯ ಹೆಸರಿನಲ್ಲಿ ಅದನ್ನು ಹಂಗಾಗಿ ಮಾಡುವುದು ತರವಲ್ಲ.

1833ರಲ್ಲಿ ಪ್ಯಾರಿಸಿನ ಯುವಕ ಫ್ರೆಡೆರಿಕ್ ಓಝನಾಮ್ ಗೆಳೆಯರೊಡನೆ ಆರಂಭಿಸಿದ ಸಂತ ವಿನ್ಸೆಂಟ್ ದೆ ಪೌಲ್ ಸಭೆಯು ಬಡವರನ್ನು ತನ್ನ ಬಾಗಿಲಿಗೆ ಕರೆಯದೆ ತಾನೇ ಅವರ ಮನೆಗೆ ಹೋಗುವ ಕ್ರಮವನ್ನು ರೂಢಿಸಿತು. ಮನೆಗೆ ಹೋದವನು ಕುಳಿತುಕೊಳ್ಳುತ್ತಾನೆ, ನೀರು ಕುಡಿಯುತ್ತಾನೆ, ಮಾತು ಕೇಳುತ್ತಾನೆ. ಅಲ್ಲಿ ಅವನೇ ಅತಿಥಿ. ಅಕ್ಕಿಗಿಂತ ಮಗುವಿನ ಶುಲ್ಕವೋ, ಪಡಿತರ ಚೀಟಿಯ ತಿದ್ದುಪಡಿಯೋ ಹೆಚ್ಚು ಅಗತ್ಯವೆಂಬುದು ತಿಳಿಯುವುದೂ ಆಗಲೇ.

ಕಥೋಲಿಕ ಕುಟುಂಬಗಳು ಮುಂದಿನ ಹಬ್ಬದಿಂದಲೇ ಹೀಗೆ ಆರಂಭಿಸಬಹುದು: ಹೆಸರು ಕೂಗದಿರುವುದು, ಚಿತ್ರ ತೆಗೆಯದಿರುವುದು, ನಾವು ಉಣ್ಣದ ಅಕ್ಕಿಯನ್ನೂ ಉಡದ ಬಟ್ಟೆಯನ್ನೂ ಕೊಡದಿರುವುದು, ಊಟ ಹಾಕಿದರೆ ಅದೇ ಪಂಕ್ತಿಯಲ್ಲಿ ನಾವೂ ಕುಳಿತು ಉಣ್ಣುವುದು. ಇದಕ್ಕೆ ಹೆಚ್ಚಿನ ಹಣ ಬೇಕಿಲ್ಲ. ಬಲಿಪೂಜೆಯಲ್ಲಿ ನಾವೆಲ್ಲರೂ ಬರಿಗೈಯನ್ನು ಚಾಚಿ ಪರಮಪ್ರಸಾದವನ್ನು ಸ್ವೀಕರಿಸುವವರೇ ಅಲ್ಲವೇ?