ಕೆಂಪು ಕಂಡಲ್ಲೆಲ್ಲ ಬೆಂಕಿ ಅಲ್ಲ ಸ್ವಾಮೀ!

ಮೊನ್ನೆ ಅಣ್ಣ ವಾಟ್ಸಾಪಿನಲ್ಲಿ ಒಂದು ಚಿತ್ರ ಕಳಿಸಿದ್ದ. ಮಿದುಳಿನ ಸ್ಕ್ಯಾನು, ಅಲ್ಲಲ್ಲಿ ಕೆಂಪು, ಹಳದಿ. ಕೆಳಗೆ "ಆಲ್‌ಝೈಮರ್ಸ್: ಮಿದುಳಿನ ಉರಿಯೂತ ಈಗ ಕಣ್ಣಿಗೇ ಕಾಣುತ್ತೆ" ಅಂತ ಬರೆದಿತ್ತು. ಹಿಂದೆಯೇ ಫೋನು. "ಅಮ್ಮನಿಗೂ ಮಾಡಿಸೋಣ ಕಣೋ. ಉರಿ ಎಷ್ಟಿದೆ ನೋಡಿ ಮಾತ್ರೆ ಕೊಡಿಸೋಣ."

ಅಮ್ಮ ಈಗ ನನ್ನನ್ನು ಸೋದರಮಾವನ ಹೆಸರಿಂದ ಕರೀತಾಳೆ. ಅಣ್ಣನ ಆಸೆ ಅರ್ಥ ಆಗುತ್ತೆ. ಸಿಟ್ಟು ಬಂದಿದ್ದು ಆ ಸಾಲು ಬರೆದವರ ಮೇಲೆ.

ಮೈಕ್ರೋಗ್ಲಿಯಾ ಅಂದ್ರೆ ಮಿದುಳಿನ ರೋಗನಿರೋಧಕ ಕೋಶಗಳು. 1919ರಲ್ಲಿ ಸ್ಪೇನಿನ ಪಿಯೋ ದೆಲ್ ರಿಯೊ ಒರ್ತೇಗ ಇವನ್ನು ಗುರುತಿಸಿ ಹೆಸರಿಟ್ಟ. ಕಸ ನುಂಗೋದು ಇವುಗಳ ಕೆಲಸಗಳಲ್ಲೊಂದು. ಆಲ್‌ಝೈಮರ್ಸ್ ಬಂದಾಗ ಅಮಿಲಾಯ್ಡ್ ಗಂಟುಗಳ ಸುತ್ತ ಗುಂಪು ಸೇರ್ತವೆ. ಪೆಟ್ ಸ್ಕ್ಯಾನಿನಲ್ಲಿ ಇವನ್ನು ನೋಡೋಕೆ ಟಿಎಸ್‌ಪಿಒ ಅನ್ನೋ ಪ್ರೋಟೀನಿಗೆ ಅಂಟುವ ವಿಕಿರಣಶೀಲ ವಸ್ತುವನ್ನು ರಕ್ತಕ್ಕೆ ಚುಚ್ಚುತ್ತಾರೆ. ಅದು ರೋಗಿಗಳ ಮಿದುಳಲ್ಲಿ ಹೆಚ್ಚು ಅಂಟುತ್ತೆ ಅಂತ 2001ರಲ್ಲೇ ಲಂಡನ್ನಿನ ತಂಡವೊಂದು ತೋರಿಸಿತ್ತು. ದೊಡ್ಡ ಕೆಲಸವೇ, ಒಪ್ಪಿದೆ.

ಆದ್ರೆ ಟಿಎಸ್‌ಪಿಒ ಮೈಕ್ರೋಗ್ಲಿಯಾದ ಸ್ವಂತ ಆಸ್ತಿಯಲ್ಲ. ಆಸ್ಟ್ರೋಸೈಟ್‌ಗಳಲ್ಲೂ ಇದೆ, ರಕ್ತನಾಳದ ಗೋಡೆಯಲ್ಲೂ ಇದೆ. ಆಮೇಲೆ ಬಂದ ಹೊಸ ವಸ್ತುಗಳು ಎಷ್ಟು ಅಂಟುತ್ತವೆ ಅನ್ನೋದು ಆ ವ್ಯಕ್ತಿಯ ಒಂದು ಜೀನ್ ಮೇಲೂ ನಿಂತಿದೆ. ಅದನ್ನು ಪರೀಕ್ಷಿಸದೆ ಇಬ್ಬರ ಚಿತ್ರ ಪಕ್ಕಪಕ್ಕ ಇಟ್ರೆ ಏನರ್ಥ? 2023ರಲ್ಲಿ ಇನ್ನೊಂದು ಪೆಟ್ಟು ಬಿತ್ತು. ಕೆರಳಿದಾಗ ಟಿಎಸ್‌ಪಿಒ ಏರೋದು ಇಲಿಯ ಕೋಶಗಳಲ್ಲಿ, ಮನುಷ್ಯರದ್ದರಲ್ಲಿ ಅಲ್ಲ ಅಂತ ಗೊತ್ತಾಯ್ತು. ಅಂದ್ರೆ ನಮ್ಮಲ್ಲಿ ಆ ಕೆಂಪು ಹೇಳೋದು ಹೆಚ್ಚಾಗಿ ಕೋಶಗಳು ಎಷ್ಟಿವೆ ಅನ್ನೋದನ್ನ, ಏನು ಮಾಡ್ತಿವೆ ಅನ್ನೋದನ್ನಲ್ಲ. ಗಲಾಟೆ ಆದ ಬೀದೀನ ಮೇಲಿಂದ ಫೋಟೋ ತೆಗೆದು, ಖಾಕಿ ಎಣಿಸಿ, ಪೊಲೀಸರು ಹೊಡೀತಿದ್ದಾರೋ ಕಾಪಾಡ್ತಿದ್ದಾರೋ ಅಂತ ಹೇಳಿದ ಹಾಗೆ!

ಕನ್ನಡದಲ್ಲಿ ನಮಗೆ ಇನ್ನೊಂದು ತೊಡಕಿದೆ. 'ಉರಿಯೂತ' ಅಂದ ತಕ್ಷಣ ಉರಿ ಕಿವಿಗೆ ಬೀಳುತ್ತೆ, ಚಿತ್ರದಲ್ಲಿ ಕೆಂಪು ಬೇರೆ. ಉರಿ ಅಂದಮೇಲೆ ಆರಿಸಬೇಕಲ್ವೇ? ಆರಿಸೋಕೆ ನೋಡಿದ್ದಾರೆ ಸ್ವಾಮೀ. ಅಮೆರಿಕದಲ್ಲಿ ಆರೋಗ್ಯವಾಗಿದ್ದ ಸುಮಾರು 2,500 ವೃದ್ಧರ ಮೇಲೆ ಉರಿಯೂತ ತಗ್ಗಿಸುವ ನ್ಯಾಪ್ರೊಕ್ಸೆನ್, ಸೆಲೆಕಾಕ್ಸಿಬ್ ಪ್ರಯೋಗ ನಡೀತು. ಹೃದಯಕ್ಕೆ ಅಪಾಯ ಅಂತ 2004ರಲ್ಲಿ ಮಾತ್ರೆ ನಿಲ್ಲಿಸಿದರು. ಮರೆವು ತಡೆದದ್ದೂ ಕಾಣಲಿಲ್ಲ. 2013ರಲ್ಲಿ ಗೊತ್ತಾಗಿದ್ದು ಇನ್ನೂ ಸ್ವಾರಸ್ಯ: ಮೈಕ್ರೋಗ್ಲಿಯಾದ ಟ್ರೆಮ್2 ಜೀನ್ ಕುಂದಿದ್ರೆ ರೋಗದ ಅಪಾಯ ಏರುತ್ತೆ. ಸರಿ, ಇವನ್ನು ಹುರಿದುಂಬಿಸಿದ್ರೆ? ಅಂಥ ಎಎಲ್002 ಔಷಧವೂ 2024ರಲ್ಲಿ ಸೋತಿತು.

ಸ್ಕ್ಯಾನು ಸುಳ್ಳು ಅಂತ ನಾನು ಹೇಳ್ತಿಲ್ಲ. ಸಂಶೋಧನೆಗೆ ಅದು ಬೇಕೇ ಬೇಕು. ಅದನ್ನು ನೋಡಿ ಅಮ್ಮನಿಗೆ ಮಾತ್ರೆ ಆರಿಸೋಕೆ ಮಾತ್ರ ಬರಲ್ಲ. ಬ್ಲಾಗಿಗ ಗೆಳೆಯರೇ, ಇಂಥ ಚಿತ್ರ ಹಾಕುವಾಗ ಕೆಳಗೆ ಒಂದೇ ಒಂದು ಸಾಲು ಸೇರಿಸಿ: ಇಲ್ಲಿ ಅಳೆದದ್ದು ಏನು ಅಂತ. ಆ ಸಾಲನ್ನು ಯಾರದೋ ಮನೆಯಲ್ಲಿ ಒಬ್ಬ ಮಗ, ಸಾಲ ಎಲ್ಲಿ ಮಾಡಲಿ ಅಂತ ಲೆಕ್ಕ ಹಾಕ್ತಾ ಓದ್ತಿರ್ತಾನೆ.

ನೀವೇನಂತೀರಿ?