717 ಸಹಿಗಳ ತೂಕ ಎಷ್ಟು?

ಡಾರ್ವಿನ್ನನ ಮಾತು ಬಂದಾಗಲೆಲ್ಲ ಒಂದು ವಾದ ತಪ್ಪದೆ ತಲೆಯೆತ್ತುತ್ತದೆ: ಅವನ ಕಾಲದ ಘಟಾನುಘಟಿ ವಿಜ್ಞಾನಿಗಳೇ ಅವನನ್ನು ಒಪ್ಪಿರಲಿಲ್ಲವಲ್ಲ! ನಿಜ, ಹಲವರು ಒಪ್ಪಿರಲಿಲ್ಲ. ಆದರೆ ಹೆಸರುಗಳ ಪಟ್ಟಿಯನ್ನೇ ಪುರಾವೆಯೆಂದು ಮುಂದಿಡುವವರು 1864ರ ಲಂಡನ್ನಿನಲ್ಲಿ ನಡೆದದ್ದನ್ನು ಒಮ್ಮೆ ನೋಡಲಿ.

ಅಲ್ಲಿನ ಕೆಲವು ರಸಾಯನಶಾಸ್ತ್ರಜ್ಞರು ಒಂದು ಘೋಷಣೆ ಬರೆದು ವಿಜ್ಞಾನಿಗಳ ಸಹಿಗೆ ಕಳಿಸಿದರು. ಪ್ರಕೃತಿಯಲ್ಲಿರುವ ದೇವರ ಮಾತಿಗೂ ಬೈಬಲ್ಲಿನಲ್ಲಿರುವ ದೇವರ ಮಾತಿಗೂ ವಿರೋಧ ಇರಲಾರದು, ಇದ್ದಂತೆ ಕಂಡರೆ ವಿಜ್ಞಾನ ಇನ್ನೂ ಪೂರ್ತಿಯಾಗಿಲ್ಲ ಎಂದರ್ಥ. ಅದರ ಸಾರ ಇಷ್ಟೇ. ಡಾರ್ವಿನ್ನನ ಹೆಸರನ್ನು ಎತ್ತಲಿಲ್ಲ. ಬೈಬಲ್ಲಿನ ಲೆಕ್ಕಾಚಾರಗಳನ್ನು ಪ್ರಶ್ನಿಸಿದ ಬಿಷಪ್ ಕೊಲೆನ್ಸೋ ಮೇಲೂ ಸಿಟ್ಟಿತ್ತು ಅನ್ನಿ.

ಸಹಿ ಬಿದ್ದದ್ದು 717. ಶಾಖಕ್ಕೂ ಕೆಲಸಕ್ಕೂ ಇರುವ ಸಂಬಂಧ ಅಳೆದ ಜೇಮ್ಸ್ ಜೂಲ್ ಹಾಕಿದ. 1831ರಲ್ಲಿ ಯುವಕ ಡಾರ್ವಿನ್ನನನ್ನು ಉತ್ತರ ವೇಲ್ಸಿಗೆ ಕರೆದೊಯ್ದು ಬಂಡೆಗಳ ಪಾಠ ಹೇಳಿಕೊಟ್ಟಿದ್ದ ಪಾದ್ರಿ, ಭೂವಿಜ್ಞಾನಿ ಆಡಂ ಸೆಜ್ವಿಕ್ಕನೂ ಹಾಕಿದ. ಸೆಜ್ವಿಕ್ಕನ ಸಂಕಟ ಅರ್ಥವಾಗುವಂಥದ್ದು. ಶಿಷ್ಯನ ಪುಸ್ತಕ ಓದಿ, ನಿಸರ್ಗಕ್ಕೂ ನೀತಿಗೂ ಇರುವ ನಂಟು ಕಡಿದರೆ ಮನುಷ್ಯಕುಲ ಕೆಡುತ್ತದೆಂದು ನೊಂದು ಪತ್ರ ಬರೆದಿದ್ದ. ಅವನ ಭಯ ಪ್ರಾಮಾಣಿಕವೇ. ಆದರೆ ಭಯಕ್ಕೆ ಹೆದರಿ ಯಾವ ಪಳೆಯುಳಿಕೆಯೂ ತನ್ನ ಪದರ ಬಿಟ್ಟು ಕದಲುವುದಿಲ್ಲ.

ಸಹಿ ಹಾಕದವರ ಕಥೆ ಇನ್ನೂ ಸ್ವಾರಸ್ಯ. ಖಗೋಳವಿಜ್ಞಾನಿ ಜಾನ್ ಹರ್ಷೆಲ್ ದೈವಭಕ್ತ. ಡಾರ್ವಿನ್ನನ ತತ್ವವೂ ಅವನಿಗೆ ರುಚಿಸಿರಲಿಲ್ಲ. ಅದೊಂದು ಅಡ್ಡಾದಿಡ್ಡಿ ನಿಯಮವೆಂದು ಅವನು ಹಂಗಿಸಿದ್ದು ಡಾರ್ವಿನ್ನನ ಕಿವಿಗೂ ಬಿದ್ದಿತ್ತು. ಈ ಸಹಿಗೆ ಹೇಳಿ ಮಾಡಿಸಿದಂಥ ಆಸಾಮಿ! ಆತ ಖಡಾಖಂಡಿತವಾಗಿ ಒಲ್ಲೆನೆಂದ. ವಿಜ್ಞಾನಿಯ ಧರ್ಮಶ್ರದ್ಧೆಗೆ ಬಹಿರಂಗ ಸಹಿ ಕೇಳುವುದೇ ಕಿಡಿಗೇಡಿತನ, ದೇಶದಲ್ಲಿರುವ ಧಾರ್ಮಿಕ ಸ್ವಾತಂತ್ರ್ಯಕ್ಕೆ ಕೈಹಾಕಿದಂತೆ ಎಂಬುದು ಅವನ ನಿಲುವು. ಗಣಿತಜ್ಞ ಡಿ ಮಾರ್ಗನ್ ಕೂಡ ಸಹಿ ಹಾಕದೆ, ಇಡೀ ಪ್ರಕರಣವನ್ನು ಗೇಲಿ ಮಾಡಿದ. ಪಟ್ಟಿ ಓದುವವರು ಇವರಿಬ್ಬರನ್ನು ಯಾಕೆ ಮರೆಯುತ್ತಾರೋ!

ಡಾರ್ವಿನ್ನನಿಗೆ ನಿಜಕ್ಕೂ ತಲೆನೋವು ತಂದವನು ವಿಲಿಯಂ ಥಾಮ್ಸನ್, ಮುಂದೆ ಲಾರ್ಡ್ ಕೆಲ್ವಿನ್ ಆದವನು. ಅವನೂ ಸೃಷ್ಟಿಕರ್ತನನ್ನು ನಂಬಿದವನೇ. ಆದರೆ ವಾದಕ್ಕೆ ತಂದದ್ದು ಶಾಖದ ಗಣಿತ. ಕಾದ ಭೂಮಿ ಈಗಿನಷ್ಟು ತಣಿಯಲು 2 ಕೋಟಿಯಿಂದ 40 ಕೋಟಿ ವರ್ಷ ಸಾಕೆಂದು 1862ರಲ್ಲಿ ಲೆಕ್ಕ ಕೊಟ್ಟ. ಬರಬರುತ್ತ ಅದನ್ನೂ ಕುಗ್ಗಿಸಿದ. ಮೆಲ್ಲಗೆ ಸಾಗುವ ವಿಕಾಸಕ್ಕೆ ಅಷ್ಟು ಕಾಲ ಎಲ್ಲಿ ಸಾಕು? ದಕ್ಷಿಣ ಇಂಗ್ಲೆಂಡಿನ ವೀಲ್ಡ್ ಕಣಿವೆ ಸವೆಯಲು 30 ಕೋಟಿ ವರ್ಷ ಬೇಕಾಯಿತೆಂದು ತನ್ನ ಪುಸ್ತಕದ ಮೊದಲ ಮುದ್ರಣದಲ್ಲಿ ಬರೆದಿದ್ದ ಡಾರ್ವಿನ್, ಬೇರೆಯವರ ಟೀಕೆಗೆ ಆ ಅಂಕಿಯನ್ನು ಅಷ್ಟರಲ್ಲೇ ಕೈಬಿಟ್ಟಿದ್ದ. ಕೆಲ್ವಿನ್‌ಗೆ ಎದುರಾಗಿ ಇಡಲು ಅವನ ಬಳಿ ಗಣಿತವಿರಲಿಲ್ಲ.

1895ರಲ್ಲಿ ಕೆಲ್ವಿನ್ನನ ಹಳೆಯ ಸಹಾಯಕ ಜಾನ್ ಪೆರ್ರಿಯೇ ಆ ಲೆಕ್ಕದ ಬುಡ ಅಲ್ಲಾಡಿಸಿದ. ಭೂಮಿಯ ಒಡಲು ಹೊರಪದರಕ್ಕಿಂತ ಸುಲಭವಾಗಿ ಶಾಖ ಸಾಗಿಸುತ್ತದೆ ಎಂದುಕೊಂಡರೆ, ಭೂಮಿಯ ವಯಸ್ಸು ನೂರಾರು ಕೋಟಿ ವರ್ಷಕ್ಕೆ ಏರುತ್ತದೆಂದು 'ನೇಚರ್' ಪತ್ರಿಕೆಯಲ್ಲಿ ತೋರಿಸಿಕೊಟ್ಟ. ಕೆಲ್ವಿನ್ ಒಪ್ಪಲಿಲ್ಲ. ಆದರೆ ಅವನೂ ಅದೇ ಪತ್ರಿಕೆಯಲ್ಲಿ, ಅಂಕಿಗಳಲ್ಲೇ ಉತ್ತರ ಕೊಡಬೇಕಾಯಿತು.